ಗ್ಯಾಸ್ ದೀಪದ ಲಂಡನ್, ಮೇಣದಲ್ಲಿ ಸಿಕ್ಕ ದನಿ: ವಿಕ್ಟೋರಿಯನ್ ಸೈ-ಫೈ ಪತ್ತೇದಾರಿ ಆಡಿಯೋ ನಾಟಕ ಮನೇಲೇ ಮಾಡೋದು ಹೇಗೆ

ಪತ್ತೇದಾರಿ ಪುಸ್ತಕದಲ್ಲಿ ಸುಳಿವು ಕಣ್ಣಿಗೆ ಸಿಗುತ್ತೆ, ಕಾರ್ಪೆಟ್ ಮೇಲೆ ಒಂದು ಕಲೆ, ಹರಿದ ಕಾಗದ, ಕೆಸರಲ್ಲಿ ಬೂಟಿನ ಗುರುತು. ಆಡಿಯೋ ನಾಟಕದಲ್ಲಿ ಇದನ್ನೆಲ್ಲ ಯಾರಾದ್ರೂ ಬಾಯಿಬಿಟ್ಟು ಹೇಳ್ಬೇಕು, ಹೇಳಿದ ತಕ್ಷಣ ಅದು ಸುಳಿವಾಗಿ ಉಳಿಯಲ್ಲ, ಡಂಗುರ ಸಾರಿದ ಹಾಗಾಗುತ್ತೆ. ನಾನು ಕೆಲವು ವರ್ಷದಿಂದ ಗೆಳೆಯರನ್ನ ಸೇರಿಸ್ಕೊಂಡು ಫೋನಲ್ಲೇ ಇಂಥ ನಾಟಕ ರೆಕಾರ್ಡ್ ಮಾಡ್ತಿದೀನಿ, ಅದರಲ್ಲಿ ನನಗೆ ಮನವರಿಕೆ ಆಗಿದ್ದು ಒಂದೇ ವಿಷಯ, ಸುಳಿವು ಮಾತಲ್ಲಿ ಇರಬಾರ್ದು, ಶಬ್ದದಲ್ಲಿ ಇರ್ಬೇಕು, ಪತ್ತೇದಾರನ ಕಿವಿಗೆ ಬಿದ್ದ ಹೊತ್ತಲ್ಲೇ ಕೇಳೋರ ಕಿವಿಗೂ ಬಿದ್ದಿರ್ಬೇಕು. ಕೆಳಗೆ ಬರೆದಿರೋ ಹೆಜ್ಜೆಗಳೆಲ್ಲ ಅದಕ್ಕೋಸ್ಕರನೇ. ಉದಾಹರಣೆಗೆ ಒಂದೇ ಕತೆ ಇಟ್ಕೊಂಡು ಹೋಗ್ತೀನಿ, ನಿಮ್ಮ ಕತೆ ಬೇರೆ ಇದ್ರೂ ಕೆಲಸದ ಕ್ರಮ ಇದೇ.

ಹೆಜ್ಜೆ 1: ವರ್ಷ, ತಿಂಗಳು ಗಟ್ಟಿ ಮಾಡ್ಕೊಳ್ಳಿ

"ವಿಕ್ಟೋರಿಯನ್ ಕಾಲ" ಅಂದ್ರೆ 1837ರಿಂದ 1901ರ ತನಕ, ಅರವತ್ತು ವರ್ಷಕ್ಕೂ ಜಾಸ್ತಿ. ಅಷ್ಟು ಉದ್ದದ ಕಾಲವನ್ನ ಒಂದೇ ಥರ ಕೇಳ್ಸೋಕಾಗಲ್ಲ. ನಮ್ಮ ಕತೆಗೆ 1889ರ ನವೆಂಬರ್ ಇಟ್ಕೊಳ್ಳೋಣ. ಇಷ್ಟು ನಿರ್ಧಾರ ಆದ ಕೂಡ್ಲೇ ಎಷ್ಟೋ ಪ್ರಶ್ನೆಗೆ ಉತ್ತರ ತಾನಾಗೇ ಸಿಗುತ್ತೆ. ಪೊಲೀಸಿನವನು ಸಹಾಯಕ್ಕೆ ಕರೆಯೋದು ವಿಷಲ್ ಊದಿ, ಯಾಕಂದ್ರೆ ಮರದ ಗಿರಗಟ್ಟೆ ಹೋಗಿ ವಿಷಲ್ ಬಂದಿದ್ದು 1880ರ ದಶಕದ ಮಧ್ಯದಲ್ಲಿ, ನಿಮ್ಮ ಕತೆ 1870ರದ್ದಾದ್ರೆ ಕರಕರ ಅನ್ನೋ ಗಿರಗಟ್ಟೆನೇ ಬೇಕು. ನೆಲದಡಿ ರೈಲು 1863ರಿಂದ ಓಡ್ತಿದೆ, ಆದ್ರೆ 1889ರಲ್ಲಿ ಅದು ಇನ್ನೂ ಹಬೆ ಎಂಜಿನ್ನೇ, ಸುರಂಗದೊಳಗೆ ಹೊಗೆ, ಕೆಮ್ಮು, ಕರೆಂಟಿನ ರೈಲು ಬರೋಕೆ ಇನ್ನೂ ಒಂದು ವರ್ಷ ಇದೆ. ಲಂಡನ್ ಪೊಲೀಸರ ಮುಖ್ಯ ಕಚೇರಿ ಸ್ಕಾಟ್ಲೆಂಡ್ ಯಾರ್ಡಿನ ಸಿಐಡಿ ವಿಭಾಗ 1878ರದ್ದು, ಬೆರಳಚ್ಚು ವಿಭಾಗ ಮಾತ್ರ 1901ರ ತನಕ ಇಲ್ಲ.

ಈ ಬೆರಳಚ್ಚಿನ ವಿಷಯ ಹಾಗೇ ಬಿಟ್ಟುಬಿಡ್ಬೇಡಿ. ಹೆನ್ರಿ ಫೋಲ್ಡ್ಸ್ ಅನ್ನೋ ಡಾಕ್ಟರು 1880ರಲ್ಲೇ ನೇಚರ್ ಪತ್ರಿಕೆಗೆ ಬೆರಳಚ್ಚಿಂದ ಅಪರಾಧಿನ ಹಿಡೀಬಹುದು ಅಂತ ಬರೆದಿದ್ರು, ನಮ್ಮ ದೇಶದಲ್ಲಿ ಬಂಗಾಳದಲ್ಲಿ ವಿಲಿಯಂ ಹರ್ಷೆಲ್ ಅನ್ನೋ ಬ್ರಿಟಿಷ್ ಅಧಿಕಾರಿ 1858ರಲ್ಲೇ ಕರಾರು ಪತ್ರಕ್ಕೆ ಕೈಯಚ್ಚು ಒತ್ತಿಸ್ಕೊಂಡಿದ್ರು, ಕಲ್ಕತ್ತಾದಲ್ಲಿ ಬೆರಳಚ್ಚು ಕಚೇರಿ 1897ರಲ್ಲೇ ಬಂತು, ಲಂಡನ್ನಿಗಿಂತ ಮುಂಚೆ. ಅಂದ್ರೆ ನಿಮ್ಮ ಪ್ರೊಫೆಸರ್ ಪಾತ್ರಕ್ಕೆ ವಿಷಯ ಗೊತ್ತಿರುತ್ತೆ, ಇನ್ಸ್‌ಪೆಕ್ಟರ್ ನಂಬಲ್ಲ, ಕೋರ್ಟ್ ಅಂತೂ ಕಣ್ಣೆತ್ತಿ ನೋಡಲ್ಲ. ಒಳ್ಳೇ ಜಗಳ ಪುಕ್ಕಟೆ ಸಿಕ್ತು.

ಹೆಜ್ಜೆ 2: ಅಸಾಧ್ಯ ಒಂದೇ ಇರ್ಲಿ, ಅದೂ ಆ ಕಾಲದ ಬೇರಿಂದಲೇ ಬರ್ಲಿ

ಸೈ-ಫೈ ಅಂದ್ರೆ ಲೇಸರು, ರೋಬೋಟು ಅಂತ ನಮ್ಮ ಕಾಲದ್ದನ್ನ ತಗೊಂಡು ಹೋಗಿ ಲಂಡನ್ನಲ್ಲಿ ಸುರೀಬೇಡಿ. ಅವರ ವಿಜ್ಞಾನವೇ ಸಾಕಷ್ಟು ವಿಚಿತ್ರ ಇದೆ. ಮೂರು ನಿಜವಾದ ವಿಷಯ ಹೇಳ್ತೀನಿ.

ಒಂದು, ಲೆಕ್ಕದ ಯಂತ್ರಗಳಿಗೆ ಹೆಸರಾದ ಚಾರ್ಲ್ಸ್ ಬ್ಯಾಬೇಜ್, ವಿಕ್ಟೋರಿಯಾ ಪಟ್ಟಕ್ಕೆ ಬಂದ 1837ರಲ್ಲೇ ಒಂದು ಮಾತು ಬರೆದಿದ್ರು. ಗಾಳಿ ಅನ್ನೋದು ದೊಡ್ಡ ಗ್ರಂಥಾಲಯ, ಮನುಷ್ಯ ಆಡಿದ ಪ್ರತಿ ಮಾತೂ ಅದರ ಪುಟದಲ್ಲಿ ಅಳಿಯದೆ ಉಳ್ದಿರುತ್ತೆ, ಯಾಕಂದ್ರೆ ಮಾತು ಎಬ್ಬಿಸಿದ ಕಂಪನ ಯಾವತ್ತೂ ಪೂರ್ತಿ ಸಾಯಲ್ಲ ಅಂತ. ಎರಡು, ಜಾನ್ ಟಿಂಡಲ್ ಅನ್ನೋ ಭೌತವಿಜ್ಞಾನಿ 1867ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಲ್ಲಿ ಕಿವಿ ಇರೋ ಬೆಂಕಿ ತೋರ್ಸಿದ್ರು. ಒತ್ತಡದಲ್ಲಿ ಗ್ಯಾಸ್ ಬಿಟ್ಟು ಎರಡಡಿ ಎತ್ತರದ ಸಪೂರ ಜ್ವಾಲೆ ಮಾಡಿದ್ರೆ, ದೂರದಲ್ಲಿ ಕಮ್ಮಾರನ ಅಡಿಗಲ್ಲಿಗೆ ಸಣ್ಣಗೆ ತಟ್ಟಿದ್ರೂ ಅದು ಏಳು ಇಂಚಿಗೆ ಕುಗ್ಗಿಬಿಡ್ತಿತ್ತು. ಕೀಗೊಂಚಲ ಸದ್ದಿಗೆ, ಮಾತಲ್ಲಿ ಬರೋ ಸ-ಕಾರದ ಸೀಟಿಗೆ ಅದು ಬೆಚ್ಚಿಬೀಳ್ತಿತ್ತು, ಕುಗ್ಗುವಾಗ ಗರ್ಜಿಸ್ತಿತ್ತು ಕೂಡ. ಮೂರು, ದನಿ ಹಿಡಿದಿಟ್ಟು ಮತ್ತೆ ಕೇಳ್ಸೋ ಯಂತ್ರ, ಎಡಿಸನ್ನನ ಸುಧಾರಿತ ಫೋನೋಗ್ರಾಫ್ 1888ರಲ್ಲಿ ಲಂಡನ್ನಿಗೆ ಬಂತು, ಮೇಣದ ಸಿಲಿಂಡರು, ಬ್ಯಾಟರಿ ಮೋಟರು. 1889ರ ಏಪ್ರಿಲ್ಲಲ್ಲಿ ಕವಿ ರಾಬರ್ಟ್ ಬ್ರೌನಿಂಗ್ ಅದಕ್ಕೆ ತನ್ನ ಪದ್ಯ ಹೇಳೋಕೆ ಹೋಗಿ ಸಾಲು ಮರೆತು ನಿಲ್ಲಿಸಿದ್ರು, ಅದೇ ಡಿಸೆಂಬರಲ್ಲಿ ತೀರ್ಕೊಂಡ್ರು, ಮುಂದಿನ ವರ್ಷ ಅವರ ಪುಣ್ಯತಿಥಿ ದಿನ ಗೆಳೆಯರು ಸೇರಿ ಆ ಸಿಲಿಂಡರ್ ಹಾಕಿ ಕೇಳಿದ್ರು. ಸತ್ತವರ ದನಿ ಕೇಳೋದು ಅಂದ್ರೆ ಏನು ಅಂತ ಆ ಕೋಣೆಯಲ್ಲಿ ಕೂತಿದ್ದೋರಿಗೆ ಹೇಗಾಗಿರ್ಬೇಕು ಅಂತ ಯೋಚ್ನೆ ಮಾಡಿದ್ರೆ ನನಗೆ ಈಗ್ಲೂ ಮೈ ಜುಮ್ಮನ್ನುತ್ತೆ.

ಈ ಮೂರನ್ನೂ ಸೇರಿಸಿ. ಒಬ್ಬ ವಿಜ್ಞಾನಿ, ಮುಚ್ಚಿದ ಕೋಣೆಯ ಗಾಳಿಯಲ್ಲಿ ಉಳಿದ ಮಾತನ್ನ ಸೂಕ್ಷ್ಮ ಜ್ವಾಲೆಗಳ ಸಾಲಿಂದ ಹಿಡಿದು ಮೇಣದ ಸಿಲಿಂಡರಿಗೆ ಇಳಿಸೋ ಯಂತ್ರ ಕಟ್ಟಿದಾನೆ. ಅವನೇ ಆ ಕೋಣೆಯಲ್ಲಿ ಸತ್ತು ಬಿದ್ದಿದಾನೆ. ಯಂತ್ರದ ಮೇಲಿರೋ ಸಿಲಿಂಡರ್ ಹಾಕಿದ್ರೆ ಅವನದ್ದೇ ದನಿ, ನನ್ನ ಸಾವಿಗೆ ಯಾರೂ ಕಾರಣ ಅಲ್ಲ ಅಂತ. ಅಸಾಧ್ಯ ಅನ್ನೋದು ಇದೊಂದೇ ಯಂತ್ರ, ಮಿಕ್ಕಿದ್ದೆಲ್ಲ ಆ ವರ್ಷದ ಲಂಡನ್ನಲ್ಲಿ ಇದ್ದಿದ್ದೇ ಆಗಿರ್ಬೇಕು. ಎರಡನೇ ಅಸಾಧ್ಯ ತಂದ್ರೆ ಪತ್ತೇದಾರಿಗೆ ಬೆಲೆ ಹೋಗುತ್ತೆ, ಏನು ಬೇಕಾದ್ರೂ ಆಗಬಹುದು ಅಂದ್ಮೇಲೆ ಕೇಳೋರು ತಲೆ ಕೆಡಿಸ್ಕೊಳ್ಳೋದು ಬಿಡ್ತಾರೆ.

ಹೆಜ್ಜೆ 3: ಸುಳಿವನ್ನ ಇನ್ನೊಂದು ಸುಳಿವಿನ ಹಿಂದೆ ಬಚ್ಚಿಡಿ

ಇಡೀ ಕೆಲಸದಲ್ಲಿ ನನಗೆ ಹೆಚ್ಚು ಇಷ್ಟ ಇದೇ, ಇಲ್ಲಿ ಟೈಮ್ ತಗೊಳ್ಳಿ.

ಫೋನೋಗ್ರಾಫನ್ನ ರೆಕಾರ್ಡ್ ಮಾಡಿದ್ದಕ್ಕಿಂತ ನಿಧಾನಕ್ಕೆ ತಿರುಗಿಸಿದ್ರೆ ದನಿ ದಪ್ಪ ಆಗುತ್ತೆ. ಹೆಣ್ಣಿನ ದನಿಯನ್ನ ಮುಕ್ಕಾಲು ವೇಗಕ್ಕೆ ಇಳಿಸಿದ್ರೆ ಗಂಡಸಿನ ದನಿಯ ಹತ್ರಕ್ಕೆ ಬರುತ್ತೆ. ಆದ್ರೆ ಆ ರೆಕಾರ್ಡಿಂಗಲ್ಲಿ ಮೇಜಿನ ಗಡಿಯಾರದ ಗಂಟೆ ಕೂಡ ಸೇರ್ಕೊಂಡಿದ್ರೆ ಅದೂ ಇಳಿಯುತ್ತೆ. ಸಂಗೀತದ ಲೆಕ್ಕದಲ್ಲಿ ಮುಕ್ಕಾಲು ಅಂದ್ರೆ ಷಡ್ಜದಲ್ಲಿ ಹೊಡೆಯೋ ಗಂಟೆ ಮಂದ್ರ ಪಂಚಮದಲ್ಲಿ ಕೇಳುತ್ತೆ, ಸಾ ಇದ್ದಿದ್ದು ಕೆಳಗಿನ ಪಾ ಆಗುತ್ತೆ. ಇದೇ ನಮ್ಮ ಸುಳಿವು. ಸತ್ತವನ ತಂಗಿ ತಾನೇ ಮಾತಾಡಿ, ನಿಧಾನಕ್ಕೆ ತಿರುಗಿಸಿ, ಅಣ್ಣನ ದನಿ ಅಂತ ನಂಬಿಸಿದಾಳೆ, ಗಡಿಯಾರ ಅವಳನ್ನ ಹಿಡಿದುಕೊಡುತ್ತೆ.

ಇದನ್ನ ಬಚ್ಚಿಡೋದು ಹೇಗೆ? ಗಂಟೆ ಎಷ್ಟು ಸಲ ಹೊಡೀತು ಅನ್ನೋದನ್ನ ಮುಖ್ಯ ಮಾಡಿ. ಎಣಿಸೋಕೆ ಶುರು ಮಾಡಿದ ಕಿವಿ ಶ್ರುತಿ ಗಮನಿಸಲ್ಲ. ಮೊದಲನೇ ಕಂತಿನ ಸೀನ್ ಹಿಂಗೆ ಬರೀಬಹುದು:

ಇನ್ಸ್‌ಪೆಕ್ಟರ್: ಈ ರೂಮಿಗೆ ಕಡೇಲಿ ಬಂದಿದ್ದು ಯಾರು?
ಸೇವಕಿ: ನಾನೇ ದೊರೆ. ಟೀ ತಂದಿಟ್ಟೆ.
ಇನ್ಸ್‌ಪೆಕ್ಟರ್: ಎಷ್ಟೊತ್ತಲ್ಲಿ?
(ಮೇಜಿನ ಗಡಿಯಾರ. ಒಂದು. ಎರಡು. ಮೂರು.)
ಸೇವಕಿ: ಆಗ್ಲೂ ಹಿಂಗೇ ಹೊಡೀತಿತ್ತು ದೊರೆ. ಮೂರು.

ಎರಡನೇ ಕಂತಲ್ಲಿ ಸಿಲಿಂಡರ್ ಹಾಕ್ದಾಗ ದನಿಯ ಹಿಂದೆ ಗಂಟೆ ಮೂರು ಸಲ, ಎಲ್ರೂ "ಹಾಗಾದ್ರೆ ಮೂರು ಗಂಟೆಗೆ ಬದುಕಿದ್ದ" ಅಂತ ಲೆಕ್ಕ ಹಾಕ್ತಾರೆ, ಶ್ರುತಿ ಬಗ್ಗೆ ಯಾರೂ ಚಕಾರ ಎತ್ತಲ್ಲ. ಇನ್ನೊಂದು ವಿಷಯ ನೆನಪಿಡಿ, ಆ ಕಾಲದ ಫೋನೋಗ್ರಾಫಲ್ಲಿ ದನಿ ಹಿಡಿಯೋ ಕೊಂಬಿಗೆ ಹತ್ರದ ಜೋರು ಸದ್ದು ಮಾತ್ರ ಸಿಗೋದು, ದೂರದ ಚರ್ಚಿನ ಗಂಟೆ ಬೀಳೋಕೆ ಸಾಧ್ಯವೇ ಇಲ್ಲ. ಇನ್ಸ್‌ಪೆಕ್ಟರ್ ಅದು ಚರ್ಚ್ ಗಂಟೆ ಇರ್ಬೇಕು ಅಂದ್ರೆ ಪ್ರೊಫೆಸರ್ ಅಲ್ಲ ಅನ್ನೋಕೆ ಇದೇ ಕಾರಣ ಸಾಕು, ಗಡಿಯಾರ ಕೊಂಬಿಗೆ ಕೈಯಳತೆಯಲ್ಲೇ ಇತ್ತು ಅಂತ ಗೊತ್ತಾಗುತ್ತೆ. ಒಂದು ಸಿಲಿಂಡರಲ್ಲಿ ಎರಡು ಮೂರು ನಿಮಿಷಕ್ಕಿಂತ ಜಾಸ್ತಿ ಹಿಡಿಸಲ್ಲ, ಹಾಗಾಗಿ ಸತ್ತವನ ಮಾತು ಉದ್ದ ಮಾಡ್ಬೇಡಿ. ಕಡೇ ಕಂತಲ್ಲಿ ಯಂತ್ರ ನಿಜವಾಗ್ಲೂ ಕೆಲಸ ಮಾಡ್ಬೇಕು, ಗಾಳಿಯಿಂದ ನಿಜವಾದ ದನಿ ಎದ್ದು ಬರ್ಬೇಕು, ಆಗ ಹಿಂದೆ ಹೊಡೆಯೋ ಗಂಟೆ ಸರಿಯಾದ ಷಡ್ಜದಲ್ಲಿ ಇರ್ಬೇಕು.

ಹೆಜ್ಜೆ 4: ಅವರ ಬಾಯಿಗೆ ಕನ್ನಡ ಕೊಡೋದು

ಡಬ್ಬಿಂಗ್ ಕನ್ನಡ ಬೇಡ. "ಓ ನನ್ನ ಪ್ರಿಯ ಮಿತ್ರನೇ" ಅಂತ ಯಾರೂ ಮಾತಾಡಲ್ಲ. ಇಂಗ್ಲಿಷಲ್ಲಿ ಯಾರು ಮೇಲು ಯಾರು ಕೆಳಗೆ ಅಂತ ತೋರ್ಸೋಕೆ ಉಚ್ಚಾರಣೆ ಬೇಕು, ನಮ್ಮಲ್ಲಿ ಏಕವಚನ ಬಹುವಚನ ಇದ್ಯಲ್ಲ, ಅದಕ್ಕಿಂತ ಒಳ್ಳೇ ಆಯುಧ ಇಲ್ಲ. ಇನ್ಸ್‌ಪೆಕ್ಟರ್ ಗಾಡಿಯೋನಿಗೆ ನೀನು ಅಂತಾನೆ, ಗಾಡಿಯೋನು ದೊರೆ ಅಂತಾನೆ, ಈ ದೊರೆ ಅನ್ನೋ ಪದ ನಮ್ಮ ಹಿರಿಯರು ಬಿಳಿಯರಿಗೆ ಬಳಸ್ತಿದ್ದಿದ್ದೇ, ಕಿವಿಗೆ ಸಹಜವಾಗಿ ಕೂರುತ್ತೆ. ತಂಗಿಯನ್ನ ಮೂರು ಕಂತು ಪೂರ್ತಿ ನೀವು, ತಾವು ಅಂತ ಮಾತಾಡಿಸಿದ ಇನ್ಸ್‌ಪೆಕ್ಟರ್ ನಾಲ್ಕನೇ ಕಂತಲ್ಲಿ ಒಂದ್ಸಲ "ನೀನು" ಅಂದ್ರೆ ಸಾಕು, ಅವನಿಗೆ ಗೊತ್ತಾಯ್ತು ಅಂತ ಕೇಳೋರಿಗೆ ಬೇರೆ ಹೇಳೋದೇ ಬೇಡ. ಗಾಡಿಯೋನಿಗೆ ಮಂಡ್ಯ ಕನ್ನಡನೋ ಧಾರವಾಡ ಕನ್ನಡನೋ ಹಚ್ಚೋದು ಬೇಡ ಅನ್ನೋದು ನನ್ನ ಅಭಿಪ್ರಾಯ, ಕೇಳೋರ ಮನಸ್ಸು ಲಂಡನ್ ಬಿಟ್ಟು ಊರಿಗೆ ಬಂದುಬಿಡುತ್ತೆ, ಆ ಭಾಷೆ ಆಡೋರನ್ನ ಕೆಳಗಿಟ್ಟ ಹಾಗೂ ಆಗುತ್ತೆ.

ಜೋಡಿ ಪಾತ್ರ ಆರಿಸೋವಾಗ ದನಿ ಒಂದಕ್ಕೊಂದು ದೂರ ಇರ್ಲಿ. ಬ್ರಿಟನ್ನಿನ ಬಿಗ್ ಫಿನಿಶ್ ಅನ್ನೋ ಆಡಿಯೋ ನಾಟಕ ಸಂಸ್ಥೆ 2010ರಿಂದ 2017ರ ತನಕ ಹದಿಮೂರು ಸರಣಿ ಮಾಡಿದ ಜಾಗೊ ಆಂಡ್ ಲೈಟ್‌ಫುಟ್ ಇದಕ್ಕೆ ಪಾಠ ಇದ್ದ ಹಾಗೆ, 1977ರ ಒಂದು ಡಾಕ್ಟರ್ ಹೂ ಟಿವಿ ಕತೆಯಲ್ಲಿ ಬಂದ ಎರಡು ಪಕ್ಕದ ಪಾತ್ರಗಳು ಅವು, ಒಬ್ಬ ಪ್ರಾಸ ಕಟ್ಟಿ ಅಬ್ಬರಿಸೋ ನಾಟಕಶಾಲೆ ಮಾಲೀಕ, ಇನ್ನೊಬ್ಬ ಮೆದು ಮಾತಿನ ಶವಪರೀಕ್ಷೆ ಡಾಕ್ಟರು. ಕ್ರಿಸ್ಟೋಫರ್ ಬೆಂಜಮಿನ್, ಟ್ರೆವರ್ ಬ್ಯಾಕ್ಸ್ಟರ್ ಇಬ್ರೂ ಮೂವತ್ತು ವರ್ಷ ಕಳೆದ ಮೇಲೆ ಅದೇ ಪಾತ್ರಕ್ಕೆ ವಾಪಸ್ ಬಂದ್ರು. ಹೆಸರು ಹೇಳದಿದ್ರೂ ಯಾರು ಮಾತಾಡ್ತಿರೋದು ಅಂತ ಅರ್ಧ ಪದದಲ್ಲೇ ಗೊತ್ತಾಗುತ್ತೆ, ನಿಮ್ಮ ಜೋಡಿಗೂ ಹಾಗೇ ಆಗ್ಬೇಕು.

ಹೆಜ್ಜೆ 5: ಲಂಡನ್ನನ್ನ ಅಡುಗೆಮನೇಲಿ ಕಟ್ಟೋದು

ಕುದುರೆ ಸದ್ದಿಗೆ ತೆಂಗಿನ ಕರಟ ಅಂತ ಎಲ್ರಿಗೂ ಗೊತ್ತು. ಆದ್ರೆ ಯಾವುದರ ಮೇಲೆ ಬಡಿತೀರ ಅನ್ನೋದ್ರಲ್ಲಿ ಊರು ಬದಲಾಗುತ್ತೆ. ಆಗಿನ ಲಂಡನ್ನಲ್ಲಿ ಎಷ್ಟೋ ರಸ್ತೆಗೆ ಗ್ರಾನೈಟ್ ಕಲ್ಲು ಹಾಸಿತ್ತು, ದೊಡ್ಡೋರ ಕಡೆಯ ಕೆಲವು ರಸ್ತೆಗೆ ಮರದ ತುಂಡು ಹಾಸಿತ್ತು, ಸದ್ದು ಕಮ್ಮಿ ಆಗ್ಲಿ ಅಂತ. ಕಲ್ಲಿನ ರಸ್ತೆಗೆ ಕಡಪ ಕಲ್ಲಿನ ಮೇಲೆ ಕರಟ ಬಡೀರಿ, ಮರದ ರಸ್ತೆಗೆ ಊಟದ ಮಣೆ ಮೇಲೆ. ಗಾಡಿ ಕಲ್ಲಿಂದ ಮರಕ್ಕೆ ದಾಟಿದ್ರೆ ಬಡವರ ಬೀದಿಯಿಂದ ಸಾಹುಕಾರರ ಬೀದಿಗೆ ಬಂತು ಅಂತ ಅರ್ಥ, ಒಂದು ಮಾತೂ ಬೇಕಾಗಿಲ್ಲ. ಕಾಯಿಲೆ ಬಿದ್ದೋರ ಮನೆ ಮುಂದೆ ರಸ್ತೆಗೆ ಹುಲ್ಲು ಹರಡೋ ಪದ್ಧತಿ ಇತ್ತು, ಗಾಲಿ ಸದ್ದು ಒಳಗೆ ಕೇಳ್ದೇ ಇರ್ಲಿ ಅಂತ. ಮಣೆ ಮೇಲೆ ಗೋಣಿಚೀಲ ಮಡಚಿ ಹಾಕಿ ಬಡಿದ್ರೆ ಆ ಮೆತ್ತನೆ ಸದ್ದು ಬರುತ್ತೆ. ನಮ್ಮ ಕತೆಯಲ್ಲಿ ವಿಜ್ಞಾನಿ ಮನೆ ಮುಂದೆ ಗೊರಸಿನ ಸದ್ದು ಇದ್ದಕ್ಕಿದ್ದ ಹಾಗೆ ಮೆತ್ತಗಾಗುತ್ತೆ, ಮನೇಲಿ ಇನ್ಯಾರೋ ಕಾಯಿಲೆ ಮಲಗಿದಾರೆ, ಯಾರೂ ಆ ವಿಷಯ ಎತ್ತಿಲ್ಲ. ಕುದುರೆ ನಡೆದ್ರೆ ನಾಲ್ಕು ಏಟು, ಟ್ರಾಟ್ ಅನ್ನೋ ಸಣ್ಣ ಓಟದಲ್ಲಿ ಹೋದ್ರೆ ಜೋಡಿ ಜೋಡಿಯಾಗಿ ಎರಡೇ ಏಟು, ಬಾಡಿಗೆಯ ಹ್ಯಾನ್ಸಮ್ ಗಾಡಿಗೆ ಒಂದೇ ಕುದುರೆ, ಎರಡು ಗಾಲಿ, ಗಾಡಿಯೋನು ಕೂರೋದು ಹಿಂದೆ ಎತ್ತರದಲ್ಲಿ, ಒಳಗಿರೋರ ಜೊತೆ ಮಾತಾಡೋದು ಚಾವಣಿಯ ಸಣ್ಣ ಕಿಂಡಿಯಿಂದ. ಆ ಕಿಂಡಿ ಮುಚ್ಚೋ ಟಪ್ ಸದ್ದಿಗೆ ಮರದ ಮಸಾಲೆ ಡಬ್ಬಿ ಮುಚ್ಚಳ ಸಾಕು.

ಮನೆ ಒಳಗಿನ ಎಲ್ಲಾ ಸೀನಿಗೂ ಅಡಿಯಲ್ಲಿ ಗ್ಯಾಸ್ ದೀಪದ ಹಿಸ್ ಸದ್ದು ಸಣ್ಣಗೆ ಇರ್ಬೇಕು. ಯಕ್ಷಗಾನ, ಜಾತ್ರೆಗೆ ಹಚ್ತಿದ್ದ ಪೆಟ್ರೊಮ್ಯಾಕ್ಸ್ ಯಾರ ಮನೇಲಾದ್ರೂ ಇದ್ರೆ ಅದನ್ನೇ ರೆಕಾರ್ಡ್ ಮಾಡಿ. ಇಲ್ಲಾಂದ್ರೆ ಹಚ್ಚಿದ ಸ್ಟೌ, ಸಣ್ಣ ಉರಿ, ಫೋನ್ ಎರಡಡಿ ದೂರ. ಹಚ್ಚದೆ ಗ್ಯಾಸ್ ಬಿಟ್ಟು ರೆಕಾರ್ಡ್ ಮಾಡೋಕೆ ಮಾತ್ರ ಖಂಡಿತ ಹೋಗ್ಬೇಡಿ. ಯಂತ್ರದ ಜ್ವಾಲೆ ಗರ್ಜನೆಗೆ ಅದೇ ಸದ್ದನ್ನ ಜೋರು ಮಾಡಿ ಅರ್ಧ ವೇಗಕ್ಕೆ ಇಳಿಸಿ, ಯಾರಾದ್ರೂ ಸ, ಶ ಬರೋ ಪದ ಆಡಿದ ಕೂಡ್ಲೇ ಅದು ಗುರ್ ಅನ್ಲಿ. ಬರವಣಿಗೆಯಲ್ಲೇ ಇದಕ್ಕೆ ತಯಾರಿ ಮಾಡ್ಕೊಳ್ಳಿ, ಯಂತ್ರದ ಕೋಣೆಯಲ್ಲಿ ತಂಗಿ ಬಾಯಿಗೆ ಸ-ಕಾರ ತುಂಬಿರೋ ಮಾತು ಕೊಡಿ, "ಸುಮ್ಮನೆ ಸಂಶಯ ಪಡಬೇಡಿ ಸಾರ್" ಅಂದ್ರೆ ಸಾಕು, ಬೆಂಕಿ ಅವಳನ್ನ ಗದರಿಸ್ತಿದೆ ಅನ್ನೋ ಹಾಗಿರುತ್ತೆ.

ಮೇಣದ ಸಿಲಿಂಡರಿನ ಖರಖರಕ್ಕೆ ಒಣಗಿದ ಅಡಿಕೆ ಹಾಳೆ ತಟ್ಟೆ, ಅದನ್ನ ಒಂದೇ ವೇಗದಲ್ಲಿ ತಿರುಗಿಸ್ತಾ ಟೂತ್‌ಪಿಕ್ ತುದಿ ತಾಗಿಸಿ. ಪ್ರತಿ ಸುತ್ತಿಗೂ ಒಂದೇ ಜಾಗದಲ್ಲಿ ಟಕ್ ಅಂತ ಬರುತ್ತಲ್ಲ, ಅದಿದ್ರೇನೇ ನಂಬಿಕೆ ಬರೋದು. ಹಬೆ ರೈಲಿಗೆ ಕುಕ್ಕರ್, ವಿಷಲ್ ಹೊಡೆಯೋಕೆ ಮುಂಚೆ ಬರೋ ಬುಸುಬುಸು ಸದ್ದನ್ನ ಅರ್ಧ ವೇಗಕ್ಕೆ ಇಳಿಸಿ ಸುರಂಗದ ಎಕೋ ಹಾಕಿ.

ಹೆಜ್ಜೆ 6: ರೆಕಾರ್ಡಿಂಗ್

ಬಟ್ಟೆ ತುಂಬಿರೋ ಬೀರು ಬಾಗಿಲು ತೆಗೆದು ಅದರ ಎದುರಿಗೆ ಕೂತು, ಬೆನ್ನ ಹಿಂದೆ ರಜಾಯಿ ನೇತಾಕಿ. ಫ್ಯಾನ್ ಬಂದ್. ನಾನು ಮೊದಲನೇ ನಾಟಕ ಪೂರ್ತಿ ಫ್ಯಾನ್ ಹಾಕ್ಕೊಂಡೇ ರೆಕಾರ್ಡ್ ಮಾಡಿದ್ದೆ, ಕೂತ್ಕೊಂಡಾಗ ಕೇಳಲೇ ಇಲ್ಲ, ಇಯರ್‌ಫೋನಲ್ಲಿ ಹಾಕ್ದಾಗ ಪ್ರತಿ ಮಾತಿನ ಹಿಂದೆ ಗುಂಯ್ ಅಂತ, ಎರಡು ದಿನದ ಕೆಲಸ ಮತ್ತೆ ಮಾಡ್ಬೇಕಾಯ್ತು. ಫ್ರಿಜ್ಜೂ ಆರಿಸಿ, ಆರಿಸುವಾಗ ಗಾಡಿ ಕೀಲಿ ಫ್ರಿಜ್ ಒಳಗಿಡಿ, ಹೊರಡೋವಾಗ ಮತ್ತೆ ಆನ್ ಮಾಡೋದು ನೆನಪಾಗುತ್ತೆ. ಫೋನ್ ಏರೋಪ್ಲೇನ್ ಮೋಡಿಗೆ, ಫೈಲ್ ವೇವ್ ಫಾರ್ಮ್ಯಾಟಲ್ಲಿ, 48 ಕಿಲೋಹರ್ಟ್ಸ್. ಬಾಯಿಂದ ಫೋನಿಗೆ ಒಂದು ಗೇಣು, ನೇರಕ್ಕಲ್ಲ, ಸ್ವಲ್ಪ ಓರೆಗೆ, ಪ-ಫ ಗಾಳಿ ಬಡೀಬಾರ್ದು. ಯಾರೂ ಮಾತಾಡದೆ ಅರ್ಧ ನಿಮಿಷ ಖಾಲಿ ಕೋಣೆ ರೆಕಾರ್ಡ್ ಮಾಡಿಟ್ಕೊಳ್ಳಿ, ಆಮೇಲೆ ಎರಡು ಮಾತಿನ ಮಧ್ಯದ ಗ್ಯಾಪಿಗೆ ತುಂಬೋಕೆ ಬೇಕೇ ಬೇಕು. ಕಲಾವಿದರು ಬೇರೆ ಬೇರೆ ಊರಲ್ಲಿದ್ರೂ ಒಂದ್ಸಲ ವಿಡಿಯೋ ಕಾಲಲ್ಲಿ ಎಲ್ರೂ ಸೇರಿ ಓದಿ, ಆಮೇಲೆ ಒಬ್ಬೊಬ್ರೇ ರೆಕಾರ್ಡ್ ಮಾಡಿ ಕಳಿಸ್ಲಿ.

ಸಿಲಿಂಡರ್ ದನಿಗೆ ತಂಗಿ ಪಾತ್ರ ಮಾಡೋ ಹುಡುಗಿಯಿಂದಲೇ ಮಾತಾಡಿಸ್ಬೇಕು, ಬೇರೆ ಗಂಡಸಿನ ದನಿ ಹಾಕಿ ಮೋಸ ಮಾಡ್ಬೇಡಿ. ಮುಕ್ಕಾಲು ವೇಗಕ್ಕೆ ಇಳಿಸಿದ್ಮೇಲೆ ಮಾತು ಉದ್ದ ಎಳೆಯುತ್ತೆ, ಅದಕ್ಕೆ ಒಂದು ನಿಮಿಷದ ಮಾತನ್ನ ಅವಳು 45 ಸೆಕೆಂಡಲ್ಲಿ ಮುಗಿಸ್ಬೇಕು, ಉಸಿರು ಕೂಡ ಚುಟುಕಾಗಿ. ಗಡಿಯಾರದ ಸದ್ದನ್ನ ಅದೇ ಟ್ರ್ಯಾಕಿಗೆ ಸೇರಿಸಿ, ಎರಡನ್ನೂ ಒಟ್ಟಿಗೆ ಇಳಿಸಿ. ಆಡಾಸಿಟಿ ಅನ್ನೋ ಆಡಿಯೋ ಎಡಿಟಿಂಗ್ ಸಾಫ್ಟ್‌ವೇರಲ್ಲಿ ಸ್ಪೀಡ್ ಬದಲಾಯಿಸೋ ಎಫೆಕ್ಟಿಗೆ 0.75 ಕೊಡಿ, ಪಿಚ್ ಮಾತ್ರ ಬದಲಾಯಿಸೋದನ್ನ ಬಳಸ್ಬೇಡಿ, ಅದು ಕಂಪ್ಯೂಟರಿನ ಕೆಲಸ, ಮೇಣದ ಸಿಲಿಂಡರ್ ಹಾಗೆ ಮಾಡಲ್ಲ. ಆಮೇಲೆ 250 ಹರ್ಟ್ಸಿಗಿಂತ ಕೆಳಗಿನದ್ದು, 2500ಕ್ಕಿಂತ ಮೇಲಿನದ್ದು ಕತ್ತರಿಸಿ, ಅಡಿಕೆ ಹಾಳೆ ಖರಖರ ಮೇಲೆ ಹಾಕಿ.

ಮಿಕ್ಸಿಂಗಲ್ಲಿ ಮೂರು ಪದರ ಸಾಕು, ಮಾತು, ಹತ್ರದ ಸದ್ದು, ಕೋಣೆಯ ಸದ್ದು. ಕಡೇಲಿ ಒಟ್ಟು ಜೋರು, ಸದ್ದಿನ ಜೋರು ಅಳೆಯೋ ಮಾಪನದಲ್ಲಿ, ಮೈನಸ್ 16 ಎಲ್‌ಯುಎಫ್‌ಎಸ್ ಹತ್ರ ಇಟ್ಟು, ಸಿಟಿ ಬಸ್ಸಲ್ಲಿ ಕೂತು ಅಗ್ಗದ ಇಯರ್‌ಫೋನಲ್ಲಿ ಕೇಳಿ ನೋಡಿ, ಅಲ್ಲೂ ಗಡಿಯಾರ ಕೇಳಿದ್ರೆ ಸರಿ.

ಹೆಜ್ಜೆ 7: ಬಿಡುಗಡೆ ಮಾಡೋ ಮುಂಚೆ ನಾಲ್ಕು ಜನಕ್ಕೆ ಕೇಳ್ಸಿ

ಕತೆ ಗೊತ್ತಿಲ್ಲದ ನಾಲ್ಕು ಜನ ಬೇಕು, ಅವರಲ್ಲಿ ಒಬ್ರಾದ್ರೂ ರೇಡಿಯೋ ನಾಟಕ ಕೇಳಿ ಬೆಳೆದೋರಾಗಿರ್ಲಿ. ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ಮೈಸೂರಲ್ಲಿ ಆಕಾಶವಾಣಿ ಶುರು ಮಾಡಿದ್ರಲ್ಲ, ಆ ಹೆಸರು ಹುಟ್ಟಿದ ಊರಿನ ಕಿವಿಗಳು ಅವು, ನಮಗಿಂತ ಎಷ್ಟೋ ಚುರುಕು. ನಾನು ನಮ್ಮ ದೊಡ್ಡಮ್ಮಂಗೆ ಕೇಳಿಸ್ತೀನಿ. ಒಂದ್ಸಲ ಪೂರ್ತಿ ಕಂತು ಕೇಳಿ ಅವರು ಅಂದಿದ್ದು ಇಷ್ಟೇ, "ಆ ಹುಡುಗಿ ಬಾಗ್ಲು ತೆಗೆದ್ಲು ಸರಿ, ಮುಚ್ಲೇ ಇಲ್ವಲ್ಲೋ, ಇಷ್ಟೊತ್ತೂ ಛಳೀಲಿ ಮಾತಾಡ್ತಿದಾರಾ?" ನಾನು ಮೂವತ್ತು ಸಲ ಕೇಳಿದ್ರೂ ನನಗದು ಹೊಳೆದೇ ಇರ್ಲಿಲ್ಲ.

ಕೇಳ್ಸೋವಾಗ ದೀಪ ಆರ್ಸಿ, ಕೈಗೆ ಫೋನ್ ಕೊಡ್ಬೇಡಿ, ಪ್ರತಿ ಕಂತು ಮುಗಿದ್ಮೇಲೆ ಯಾರ ಮೇಲೆ ಅನುಮಾನ, ಯಾಕೆ ಅಂತ ಮಾತ್ರ ಕೇಳಿ ಬರ್ಕೊಳ್ಳಿ. ಎರಡನೇ ಕಂತಿಗೇ ನಾಲ್ಕೂ ಜನ ತಂಗಿ ಅಂದ್ರೆ ಗಡಿಯಾರ ಜಾಸ್ತಿ ಜೋರಾಯ್ತು, ತಗ್ಗಿಸಿ. ಕಡೇ ತನಕ ಒಬ್ರೂ ಹೇಳದಿದ್ರೆ ಸಿಲಿಂಡರ್ ಸೀನಿಗೆ ಮುಂಚೆ ನಿಜವಾದ ಗಡಿಯಾರ ಇನ್ನೊಂದ್ಸಲ ಹೊಡೀಲಿ, ಅದರ ಷಡ್ಜ ಕಿವಿಯಲ್ಲಿ ಕೂತಿರ್ಬೇಕು. ನಮ್ಮ ನಾಲ್ಕು ಜನದಲ್ಲಿ ಮೂವರು ಮೂರು ಗಂಟೆ ಅನ್ನೋ ಲೆಕ್ಕದಲ್ಲೇ ಬಿದ್ದಿದ್ರು. ದೊಡ್ಡಮ್ಮ ಚಿಕ್ಕವರಿದ್ದಾಗ ಐದಾರು ವರ್ಷ ಸಂಗೀತ ಪಾಠ ಹೇಳಿಸ್ಕೊಂಡೋರು, ಸಿಲಿಂಡರ್ ಸದ್ದು ನಿಂತ ಮೇಲೆ ಕತ್ತಲಲ್ಲೇ ಎರಡು ಸಲ ಸಾ ಅಂತ ಗುನುಗಿ, ಸ್ವಲ್ಪ ಹೊತ್ತು ಸುಮ್ಮನಿದ್ದು, ಕೆಳಗಿನ ಪಾ ಹಿಡಿದು ನೋಡಿ, "ಲೋ, ಆ ಗಡಿಯಾರ ಯಾಕೋ ಇಳಿದುಬಿಟ್ಟಿದೆ" ಅಂದ್ರು.